ಅಡ್ವಾನ್ಸ್ ಕೊಡುವ ಮೊದಲು ಓನರನ್ನು ಓದಿಕೊಳ್ಳಿ

(ಬಡಾವಣೆಯ ಕನ್ನಡ ಗೆಳೆಯರ ತಿಂಗಳ ಸಭೆಯಲ್ಲಿ ಮುದ್ರಕರೊಬ್ಬರು ಆಡಿದ ಮಾತು. ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ, ಮುಂದೆ ಓದಲು ಮನೆಯಲ್ಲಿ ಅನುಕೂಲವಿಲ್ಲದೆ, 1996ರಲ್ಲಿ ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂದವನು. ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ. ಇವತ್ತು ನನ್ನದೇ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ನಿಮ್ಮ ಕರಪತ್ರ, ನಿಮ್ಮ ರಾಜ್ಯೋತ್ಸವದ ಆಹ್ವಾನ ಪತ್ರಿಕೆ ಎಲ್ಲ ಅಲ್ಲೇ ಅಚ್ಚಾಗುವುದು. ಅತಿಥಿಗಳ ಹೆಸರಿನಲ್ಲಿ ಒಂದು ಕೊಂಬು ತಪ್ಪಿದರೆ ಬೈಸಿಕೊಳ್ಳುವುದು ನನ್ನ ಕೆಲಸವೇ ಹೊರತು ವೇದಿಕೆ ಹತ್ತುವುದಲ್ಲ.

ಹೋದ ತಿಂಗಳ ಸಭೆ ಮುಗಿದ ಮೇಲೆ ಒಬ್ಬ ಹುಡುಗ ಬಂದ. ಕಲಬುರಗಿ ಕಡೆಯವನು. ಮನೆಮನೆಗೆ ಊಟ ತಲುಪಿಸುವ ಕೆಲಸ. ಇಬ್ಬರು ಗೆಳೆಯರ ಜೊತೆ ಸೇರಿ ಮನೆ ಹಿಡಿದಿದ್ದ. ಮೂವರೂ ಸೇರಿಸಿದ ಅಡ್ವಾನ್ಸ್ 60,000. ಮನೆ ಖಾಲಿ ಮಾಡಿ ಐದು ತಿಂಗಳಾಗಿದೆ, ಒಂದು ರೂಪಾಯಿ ಬಂದಿಲ್ಲ. "ಅಣ್ಣಾ, ಏನಾರ ಮಾಡ್ರಿ" ಎಂದ. ನಾವು ಏನು ಮಾಡುವುದು? ಅವನ ಹತ್ತಿರ ಕಾಗದವಿಲ್ಲ, ರಸೀದಿಯಿಲ್ಲ, ಹಣವನ್ನು ನೋಟಿನಲ್ಲಿ ಎಣಿಸಿ ಕೊಟ್ಟಿದ್ದಾನೆ. ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗು" ಅಂದರಂತೆ. ಹುಡುಗ ಹೋದ ಮೇಲೆ ಗೆಳೆಯರು ನನ್ನ ಕಡೆ ತಿರುಗಿ, "ನೀನು ಏಳು ಬಾಡಿಗೆ ಮನೆ ಬದಲಾಯಿಸಿದವನು, ನೀನೇ ಮಾತಾಡು" ಎಂದರು. ಅದಕ್ಕೆ ಬಂದಿದ್ದೇನೆ.

ನನಗೆ ಇನ್ನೊಂದು ಅರ್ಹತೆಯೂ ಇದೆ ಅನ್ನಿ. ಮನೆ ಮುಂದೆ ನೇತುಹಾಕುವ ಟು-ಲೆಟ್ ಬೋರ್ಡನ್ನು ಅಚ್ಚು ಹಾಕುವವನು ನಾನು. ಬೋರ್ಡು ಮಾಡಿಸಲು ಬರುವ ಓನರುಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. "ಕನ್ನಡದಲ್ಲೂ ಒಂದು ಸಾಲು ಹಾಕೋಣವಾ ಸಾರ್, 'ಮನೆ ಬಾಡಿಗೆಗೆ ಇದೆ' ಅಂತ?" ಎಂದು ಕೇಳುತ್ತೇನೆ. ಕೆಲವರು ಹಾಕಿ ಅನ್ನುತ್ತಾರೆ. ಕೆಲವರು "ಕನ್ನಡ ಓದುವವರು ಈ ಬಾಡಿಗೆ ಎಲ್ಲಿ ಕೊಡ್ತಾರೆ ಬಿಡ್ರಿ" ಅನ್ನುತ್ತಾರೆ. ಅದನ್ನು ಹೇಳುವವರೂ ಕನ್ನಡದಲ್ಲೇ ಹೇಳುತ್ತಾರೆ, ಅದು ನಮ್ಮ ಹಣೆಬರಹ! ಇರಲಿ. ನಾನು ಹೇಳಲು ಹೊರಟದ್ದು ಬೇರೆ. ನನ್ನ ಹತ್ತಿರ ಟು-ಲೆಟ್ ಬೋರ್ಡು ಮಾಡಿಸಿದವರು ನೂರಾರು ಜನ. ಬಾಡಿಗೆ ರಸೀದಿ ಪುಸ್ತಕ ಮಾಡಿಸಿದವರು ಎರಡೂ ಕೈಯ ಬೆರಳಿಗೆ ಸಾಲುವಷ್ಟು. ಹಣ ಬರುವುದಕ್ಕೆ ಬೋರ್ಡು ಬೇಕು, ಬಂದದ್ದಕ್ಕೆ ಗುರುತು ಬೇಡ. ಇಲ್ಲಿಂದಲೇ ಶುರು ಮಾಡೋಣ.

2008ರಲ್ಲಿ ನನ್ನ ಮದುವೆಯಾಯಿತು. ಮಾಗಡಿ ರಸ್ತೆಯ ಕಡೆ ಒಂದು ಮನೆ ನೋಡಿದೆವು. ಮೊದಲ ಮಹಡಿ, ಒಂದು ರೂಮು, ಹಾಲು, ಅಡಿಗೆಮನೆ. ಬಾಡಿಗೆ 3,500, ಅಡ್ವಾನ್ಸ್ ಹತ್ತು ತಿಂಗಳದು, 35,000. ಆಗ ನನಗೆ ಅದು ಚಿಕ್ಕ ಹಣವಲ್ಲ. ಹೆಂಡತಿಯ ಎರಡು ಬಳೆ ಗಿರವಿ ಇಟ್ಟು ಹೊಂದಿಸಿದೆ. ಓನರು ಕೆಳಗಿನ ಮನೆಯಲ್ಲೇ ಇದ್ದರು. ಒಳ್ಳೆಯ ಕನ್ನಡ, ಹಣೆಯಲ್ಲಿ ಕುಂಕುಮ, ಹೋದ ತಕ್ಷಣ ಕಾಫಿ. "ಏನಪ್ಪಾ, ನಮ್ಮವರೇ ಅಲ್ಲವಾ, ಕಾಗದ ಗೀಗದ ಯಾಕೆ? ನಂಬಿಕೆ ದೊಡ್ಡದು" ಎಂದರು. ನನಗೆ ಆನಂದವಾಯಿತು. ಊರು ಬಿಟ್ಟು ಬಂದವನಿಗೆ ನಮ್ಮವರು ಅನ್ನಿಸಿಕೊಂಡರೆ ಸಾಕು, ಬುದ್ಧಿ ಕೆಲಸ ಮಾಡುವುದಿಲ್ಲ.

ಮನೆ ನೋಡುತ್ತಿದ್ದಾಗ ಗೇಟಿನ ಹತ್ತಿರ ಒಬ್ಬ ತೆಳ್ಳಗಿನ ಮನುಷ್ಯ ಬಂದು ನಿಂತ. ಓನರು ಕೆಳಗಿಳಿದು ಹೋಗಿ ಅವನ ಹತ್ತಿರ ಮೆಲ್ಲಗೆ ಏನೋ ಮಾತಾಡಿ ಬಂದರು. "ಹಳೇ ಬಾಡಿಗೆಯವನು, ಸ್ವಲ್ಪ ಲೆಕ್ಕ ಬಾಕಿ" ಅಂದರು. ವಾಪಸು ಬರುವಾಗ ನನ್ನ ಹೆಂಡತಿ, "ಆ ಮನುಷ್ಯ ಯಾಕ್ರೀ ನಮ್ಮನ್ನೇ ನೋಡ್ತಾ ಇದ್ದ?" ಎಂದಳು. "ಸುಮ್ನಿರೇ" ಎಂದೆ. ಆ ಕಥೆಯ ಉಳಿದರ್ಧ ಆಮೇಲೆ ಹೇಳುತ್ತೇನೆ.

ಬಾಡಿಗೆ ಮನೆ ನೋಡಲು ಹೋದವರು ಗೋಡೆ ನೋಡುತ್ತೇವೆ, ಕಿಟಕಿ ನೋಡುತ್ತೇವೆ, ನಲ್ಲಿ ತಿರುಗಿಸುತ್ತೇವೆ. ಓನರನ್ನು ನೋಡುವುದಿಲ್ಲ. ಗೋಡೆಗೆ ಸುಣ್ಣ ಬಳಿಯಬಹುದು, ನಲ್ಲಿ ಬದಲಾಯಿಸಬಹುದು. ಓನರನ್ನು ಬದಲಾಯಿಸಲು ಆಗುತ್ತದೆಯೇ ಸ್ವಾಮಿ? ಹಾಗಾಗಿ ಮೊದಲ ಪ್ರಶ್ನೆ ಇದು: ನನಗಿಂತ ಮುಂಚೆ ಈ ಮನೆಯಲ್ಲಿ ಇದ್ದವರು ಯಾರು, ಯಾಕೆ ಬಿಟ್ಟರು, ಅವರ ಅಡ್ವಾನ್ಸ್ ವಾಪಸು ಆಯಿತೇ? ಇದನ್ನು ಓನರನ್ನೇ ಕೇಳಿ. ನೇರವಾಗಿ, ಮರ್ಯಾದೆಯಿಂದ ಕೇಳಿ. ಸರಿಯಾದ ಮನುಷ್ಯ ಹೇಳುತ್ತಾನೆ, ಫೋನ್ ನಂಬರನ್ನೂ ಕೊಡುತ್ತಾನೆ. "ಅದೆಲ್ಲ ನಿಮಗ್ಯಾಕೆ?" ಎಂದರೆ ಉತ್ತರ ಸಿಕ್ಕ ಹಾಗೆಯೇ. ಇನ್ನು ಹಿಂದಿನವರನ್ನೆಲ್ಲ ಒಂದೇ ಸಮ ಬೈಯುವ ಓನರುಗಳಿದ್ದಾರೆ. ಒಬ್ಬ ಕುಡುಕ, ಒಬ್ಬ ಕಳ್ಳ, ಒಬ್ಬಳು ಜಗಳಗಂಟಿ. ನಾಲ್ಕು ವರ್ಷದಲ್ಲಿ ನಾಲ್ಕು ಸಂಸಾರ ಬಂದು, ನಾಲ್ಕೂ ಕೆಟ್ಟವರಾದರೆ, ಐದನೆಯ ಕೆಟ್ಟವರು ನೀವೇ ಆಗುತ್ತೀರಿ.

ಓನರ ಮಾತು ಸಾಕಾಗದಿದ್ದರೆ ಬೀದಿಯ ತುದಿಗೆ ಹೋಗಿ. ಇಸ್ತ್ರಿ ಅಂಗಡಿಯವನಿಗೆ ಗೊತ್ತಿರುವಷ್ಟು ಪೊಲೀಸರಿಗೂ ಗೊತ್ತಿರುವುದಿಲ್ಲ. ಹಾಲಿನ ಬೂತಿನವನು, ಕಿರಾಣಿ ಅಂಗಡಿಯವನು, ಪಕ್ಕದ ಮನೆಯ ಬಾಡಿಗೆಯವರು, ಇವರ ಹತ್ತಿರ ಐದು ನಿಮಿಷ ನಿಲ್ಲಿ. "ಆ ಮನೆಗೆ ಬರ್ತಿದ್ದೀವಣ್ಣ" ಎಂದರೆ ಸಾಕು. ಯಾರೂ ಬಾಯಿ ಬಿಟ್ಟು ಬೈಯುವುದಿಲ್ಲ. "ಓಹೋ, ಆ ಮನೆಯಾ..." ಎಂದು ಎಳೆಯುತ್ತಾರೆ ನೋಡಿ, ಆ ಎಳೆತ ಕೇಳಿಸಿಕೊಳ್ಳಿ.

ಈಗ ಕಾಲ ಬದಲಾಗಿದೆ, ಮನೆ ಹುಡುಕುವುದೂ ಫೋನಿನಲ್ಲೇ. ಚೆಂದದ ಫೋಟೋ, ಕಡಿಮೆ ಬಾಡಿಗೆ. ಫೋನ್ ಮಾಡಿದರೆ "ನಾನು ಮಿಲಿಟರಿಯಲ್ಲಿದ್ದೀನಿ, ಊರಲ್ಲಿಲ್ಲ, ಟೋಕನ್ ಹಾಕಿ, ಬೀಗದ ಕೈ ಕಳಿಸ್ತೀನಿ" ಎನ್ನುತ್ತಾನೆ. ನಿಜವಾದ ಸೈನಿಕರ ಹೆಸರು ಕೆಡಿಸುವ ಕಳ್ಳರು ಇವರು. ನಿಮಗೆ ಹಣ ವಾಪಸು ಹಾಕುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮದೇ. ಮನೆಯ ಒಳಗೆ ಕಾಲಿಡದೆ, ಓನರ ಮುಖ ನೋಡದೆ ಒಂದು ರೂಪಾಯಿ ಬೇಡ. ಬ್ರೋಕರ್ ಎದುರಿಗೇ ನಿಂತು, "ಇನ್ನಿಬ್ಬರು ನೋಡ್ಕೊಂಡು ಹೋಗಿದ್ದಾರೆ, ಸಂಜೆಯೊಳಗೆ ಟೋಕನ್ ಹಾಕದಿದ್ರೆ ಮನೆ ಹೋಯ್ತು" ಎಂದರೂ ಅಷ್ಟೇ. ಹೋದರೆ ಹೋಗಲಿ. ಬೆಂಗಳೂರಿನಲ್ಲಿ ಮನೆಗೆ ಬರ, ಮೋಸಕ್ಕೆ ಬರವಿಲ್ಲ.

ಇನ್ನು ಓನರು ನಮಗೆ ಕೇಳುವ ಪ್ರಶ್ನೆಗಳಿವೆ. ಎಲ್ಲಿ ಕೆಲಸ, ಎಷ್ಟು ಜನ, ಆಧಾರ್ ಕೊಡಿ, ಇವು ಕೇಳಬೇಕಾದದ್ದೇ. ತನ್ನ ಮನೆಯನ್ನು ಯಾರಿಗೆ ಕೊಡುತ್ತೇನೆಂದು ಅವನಿಗೂ ಗೊತ್ತಿರಬೇಕು. ಆದರೆ "ನೀವು ಯಾವ ಪೈಕಿ? ಮನೇಲಿ ಏನು ಅಡಿಗೆ ಮಾಡ್ತೀರಿ?" ಎಂದು ಕೇಳಲು ಶುರು ಮಾಡಿದರೆ ನಾನು ಚಪ್ಪಲಿ ಹಾಕಿಕೊಳ್ಳುತ್ತೇನೆ. ಈ ಪ್ರಶ್ನೆಗೆ ನಿಮ್ಮ ಉತ್ತರ ಅವನಿಗೆ ಒಪ್ಪಿಗೆಯಾದರೂ ಆ ಮನೆ ಬೇಡ. ಇವತ್ತು ಒಗ್ಗರಣೆಯ ವಾಸನೆ ಹಿಡಿಯುವವನು ನಾಳೆ ನಿಮ್ಮ ಮನೆಗೆ ಬಂದ ನೆಂಟರನ್ನು ಎಣಿಸುತ್ತಾನೆ. ಒಬ್ಬಂಟಿ ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. ಎಷ್ಟು ಗಂಟೆಗೆ ಬರುತ್ತಿ, ಯಾರು ಬಿಟ್ಟುಹೋದರು ಎಂಬ ವಿಚಾರಣೆ. ಓನರ ಹತ್ತಿರ ಇನ್ನೊಂದು ಬೀಗದ ಕೈ ಇರುತ್ತದೆಯೇ, ಹೇಳದೆ ಕೇಳದೆ ಒಳಗೆ ಬರುವ ಅಭ್ಯಾಸ ಇದೆಯೇ ಎಂದು ಅಕ್ಕಪಕ್ಕದ ಹೆಂಗಸರನ್ನು ಕೇಳಿ ತಿಳಿದುಕೊಳ್ಳಿ.

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ನಿಮ್ಮ ಎದುರು ಕೂತು ಅಡ್ವಾನ್ಸ್ ಎಣಿಸಿಕೊಳ್ಳುವವನು ನಿಜವಾಗಿ ಓನರೇ?

ನಗಬೇಡಿ. ಭೋಗ್ಯಕ್ಕೆ ಹೋದವರನ್ನು ಕೇಳಿ. ಲೀಸ್ ಅಂತೀವಲ್ಲ, ಅದೇ. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಡುವುದು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸು. ಕೇಳಲು ಸಕ್ಕರೆ. ತಿಂಗಳ ಬಾಡಿಗೆಯ ಕಾಟವಿಲ್ಲವೆಂದು ಊರಿನ ಜಮೀನು ಮಾರಿ ತಂದು ಕೊಟ್ಟವರಿದ್ದಾರೆ. ಆದರೆ ಒಂದು ಮಾತು ಯೋಚಿಸಿ. ಮನೆಯ ಮೇಲೆ ಹತ್ತು ಲಕ್ಷ ಒಮ್ಮೆಗೇ ಬೇಕು ಅನ್ನುವವನಿಗೆ ಹೆಚ್ಚು ಸಲ ಆ ಹಣ ಬೇಕಾಗಿರುವುದು ಇನ್ನೊಂದು ಸಾಲ ತೀರಿಸಲಿಕ್ಕೆ. ನಿಮ್ಮ ಹಣ ಅವನ ಮನೆಯಲ್ಲಿ ಒಂದು ರಾತ್ರಿಯೂ ಮಲಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದೂ ಈ ಊರಿನಲ್ಲಿ ನಡೆದಿದೆ. ನಡುವಿನವನೊಬ್ಬ ಆಫೀಸು ತೆರೆಯುತ್ತಾನೆ. ಓನರ ಹತ್ತಿರ ಹೋಗಿ "ನಿಮ್ಮ ಮನೆಯನ್ನು ನಾವು ನೋಡ್ಕೋತೀವಿ, ತಿಂಗಳು ತಿಂಗಳು ಬಾಡಿಗೆ ಕೊಡ್ತೀವಿ" ಅನ್ನುತ್ತಾನೆ. ನಿಮ್ಮ ಹತ್ತಿರ ಬಂದು ಅದೇ ಮನೆಯನ್ನು ಲಕ್ಷಗಟ್ಟಲೆ ಭೋಗ್ಯಕ್ಕೆ ಕೊಡುತ್ತಾನೆ. ನಿಮ್ಮದೇ ಹಣದಲ್ಲಿ ಕೆಲವು ತಿಂಗಳು ಓನರಿಗೆ ಬಾಡಿಗೆ ಕಟ್ಟುತ್ತಾನೆ. ಆಮೇಲೆ ಒಂದು ದಿನ ಆಫೀಸಿಗೆ ಬೀಗ, ಫೋನ್ ಬಂದ್. ಓನರು ಬಾಗಿಲು ಬಡಿದು "ನೀನು ಯಾರಯ್ಯ? ನನಗೆ ಬಾಡಿಗೆ ಬಂದಿಲ್ಲ, ಖಾಲಿ ಮಾಡು" ಅನ್ನುತ್ತಾನೆ. ಅವನೂ ಮೋಸ ಹೋದವನೇ, ನೀವೂ ಮೋಸ ಹೋದವರೇ. ಇಬ್ಬರೂ ಜಗಳವಾಡುತ್ತಾ ಕೂರಬೇಕು.

ಇದರ ಸೂಚನೆ ಮೊದಲೇ ಸಿಗುತ್ತದೆ. "ಓನರು ಅಮೆರಿಕದಲ್ಲಿದ್ದಾರೆ, ನಮಗೇ ಎಲ್ಲ ಪವರ್ ಕೊಟ್ಟಿದ್ದಾರೆ" ಎನ್ನುವ ಮಾತು ಬಂದ ತಕ್ಷಣ ಕಿವಿ ನೆಟ್ಟಗಾಗಬೇಕು. ಅಮೆರಿಕದಲ್ಲಿದ್ದರೆ ವಿಡಿಯೋದಲ್ಲಿ ಮಾತಾಡಿಸಲಿ. ಕರೆಂಟ್ ಬಿಲ್ಲು ಯಾರ ಹೆಸರಲ್ಲಿದೆ, ಪಾಲಿಕೆಗೆ ಕಂದಾಯ ಕಟ್ಟಿದ ರಸೀದಿ ಯಾರ ಹೆಸರಲ್ಲಿದೆ, ಅವರ ಆಧಾರ್‌ನಲ್ಲಿ ಯಾವ ಹೆಸರಿದೆ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಪ್ರೂಫ್ ತಿದ್ದುವಾಗ ನಾವು ಮಾಡುವುದೂ ಅಷ್ಟೇ, ಅಕ್ಷರಕ್ಕೆ ಅಕ್ಷರ ಹಚ್ಚಿ ನೋಡುವುದು. ತಂದೆಯ ಹೆಸರಲ್ಲಿದ್ದು, ತಂದೆ ತೀರಿಕೊಂಡಿದ್ದರೆ, ಅಣ್ಣ ತಮ್ಮಂದಿರಲ್ಲಿ ಭಾಗವಾಗಿದೆಯೇ ಕೇಳಿ. ಒಬ್ಬ ಅಡ್ವಾನ್ಸ್ ತೆಗೆದುಕೊಂಡು, ಇನ್ನೊಬ್ಬ ಬಂದು ಖಾಲಿ ಮಾಡು ಎಂದ ಕಥೆ ನನ್ನ ಪ್ರೆಸ್ಸಿನ ಬೈಂಡರ್ ಹುಡುಗನದೇ ಇದೆ.

ದೊಡ್ಡ ಮೊತ್ತ ಕೊಡುವವರು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಇಸಿ ಅಂದರೆ ಎಲ್ಲರಿಗೂ ಗೊತ್ತು. ಈಗ ಕಾವೇರಿ ತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಮನೆ ಯಾರದು, ಯಾವ ಬ್ಯಾಂಕಿಗೆ ಅಡವಿಟ್ಟಿದೆ ಎಂಬುದು ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ನೋಂದಣಿಯಾಗದ ಕೈಸಾಲ ಅದರಲ್ಲಿ ಕಾಣುವುದಿಲ್ಲ, ಅದನ್ನು ಇಸ್ತ್ರಿ ಅಂಗಡಿಯಲ್ಲೇ ಕೇಳಬೇಕು! ಸಾಲ ಕಟ್ಟದ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ವಶಕ್ಕೆ ತೆಗೆದುಕೊಳ್ಳಬಹುದು. ಆಗ ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲೂ ಹಾಕಿಸುತ್ತಾರೆ. ಅದರಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು ಎಂದು ನಿಯಮವೇ ಇದೆ. ಬಾಗಿಲ ಮೇಲೆ ಅಂಟು ಕಿತ್ತ ಚೌಕದ ಗುರುತು ಕಂಡರೆ ಏನದು ಎಂದು ಕೇಳಿ. ಕಾಗದ ಅಂಟಿಸುವ ಕಸುಬಿನವನು ಹೇಳುತ್ತಿದ್ದೇನೆ, ಒಳ್ಳೆಯ ಅಂಟು ಪೂರ್ತಿ ಹೋಗುವುದಿಲ್ಲ.

ಭೋಗ್ಯದ ಪತ್ರ ನೋಂದಣಿಯಾಗಲೇಬೇಕು. ಮನೆಯ ವಶ ಕೊಟ್ಟು ಹಣ ಪಡೆಯುವ ಅಡಮಾನಕ್ಕೆ ನೋಂದಣಿ ಕಡ್ಡಾಯವೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. "ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದ್ರೆ ಸಾಕು, ರಿಜಿಸ್ಟ್ರೇಷನ್ ಖರ್ಚು ಸುಮ್ಮನೆ ದಂಡ" ಎಂದು ಓನರು ಹೇಳಿದರೆ, ಖರ್ಚಿಗಾಗಿ ಹೇಳುತ್ತಿದ್ದಾನೋ, ಇಸಿಯಲ್ಲಿ ನಿಮ್ಮ ಹೆಸರು ಬರಬಾರದೆಂದು ಹೇಳುತ್ತಿದ್ದಾನೋ ಎಂದು ಯೋಚಿಸಿ. ಖರ್ಚು ನಾನೇ ಹಾಕುತ್ತೇನೆ ಅನ್ನಿ. ಆಗಲೂ ಒಪ್ಪದಿದ್ದರೆ ಎದ್ದು ಬನ್ನಿ.

ತಿಂಗಳ ಬಾಡಿಗೆಯ ಕರಾರು ಪತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಅಚ್ಚಿನ ವಿಷಯ ಬಂದರೆ ನನ್ನ ನಾಲಿಗೆ ಉದ್ದವಾಗುತ್ತದೆ. ಎಲ್ಲ ಕರಾರೂ 11 ತಿಂಗಳದು. ಯಾಕೆ ಗೊತ್ತೇ? ಒಂದು ವರ್ಷಕ್ಕಿಂತ ಹೆಚ್ಚಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು, ಅದನ್ನು ತಪ್ಪಿಸಲು. ಅದು ಮೋಸವಲ್ಲ, ರೂಢಿ. ಮೋಸ ಇರುವುದು ಒಳಗಿನ ಸಾಲುಗಳಲ್ಲಿ. ಆ ಸಾಲುಗಳು ಇಂಗ್ಲಿಷಿನಲ್ಲಿರುತ್ತವೆ. ಓನರಿಗೂ ಬಾರದ ಇಂಗ್ಲಿಷು, ಬಾಡಿಗೆಯವನಿಗೂ ಬಾರದ ಇಂಗ್ಲಿಷು. ಯಾವುದೋ ಕಾಲದಲ್ಲಿ ಯಾರೋ ಟೈಪ್ ಮಾಡಿದ್ದು, ಜೆರಾಕ್ಸ್ ಅಂಗಡಿಯಲ್ಲಿ ಹೆಸರು ಮಾತ್ರ ಬದಲಾಗುತ್ತದೆ. ಹೋದ ವರ್ಷ ನನ್ನ ಹತ್ತಿರ ಒಬ್ಬರು ಮುದ್ರಿಸಲು ತಂದ ಕರಾರಿನಲ್ಲಿ ಹಿಂದಿನ ಬಾಡಿಗೆಯವನ ತಂದೆಯ ಹೆಸರು ಹಾಗೇ ಇತ್ತು!

ಬಂಧುಗಳೇ, ನಾವು ಬ್ಯಾಂಕಿನ ಚಲನ್ ಕನ್ನಡದಲ್ಲಿರಲಿ ಎನ್ನುತ್ತೇವೆ, ಅಂಗಡಿಯ ಬೋರ್ಡು ಕನ್ನಡದಲ್ಲಿರಲಿ ಎನ್ನುತ್ತೇವೆ, ಸರಿಯೇ. ಆದರೆ ನಮ್ಮ ಹತ್ತು ತಿಂಗಳ ದುಡಿಮೆಯನ್ನು ಒತ್ತೆ ಇಡುವ ಕಾಗದವನ್ನು ಓದದೆ ಸಹಿ ಹಾಕುತ್ತೇವೆ. ಕರಾರು ಕನ್ನಡದಲ್ಲಿ ಬರೆದರೂ ಅಷ್ಟೇ ಊರ್ಜಿತ. ಕೇಳಿ ನೋಡಿ. "ಕನ್ನಡದಲ್ಲಿ ಬರೆಸೋಣ ಸಾರ್, ಇಬ್ಬರಿಗೂ ಅರ್ಥವಾಗುತ್ತೆ" ಎಂದರೆ ಸರಳ ಮನುಷ್ಯ ಒಪ್ಪುತ್ತಾನೆ. ಕನ್ನಡ ಬಾರದ ಓನರಾದರೆ ಎರಡೂ ಭಾಷೆಯಲ್ಲಿ ಇರಲಿ. ಅದಕ್ಕೇ ಸಿಟ್ಟಾದರೆ, ಯಾವುದೋ ಸಾಲು ನಿಮಗೆ ಅರ್ಥವಾಗುವುದು ಅವನಿಗೆ ಬೇಡ ಎಂದರ್ಥ. ಇಲ್ಲಿ ಒಂದು ಸ್ಪಷ್ಟನೆ. ಕನ್ನಡ ಮಾತಾಡುವ ಓನರು ಒಳ್ಳೆಯವನು, ಬೇರೆ ಭಾಷೆಯವನು ಕೆಟ್ಟವನು ಎಂದು ನಾನು ಹೇಳಲಾರೆ. ನನ್ನ 35,000 ತೆಗೆದುಕೊಂಡವರದು ಅಚ್ಚಗನ್ನಡ.

ಯಾವ ಸಾಲು ನೋಡಬೇಕು? ಮೊದಲು ಸುಣ್ಣಬಣ್ಣದ ಸಾಲು. ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಹಿಡಿದುಕೊಳ್ಳುವುದು ಬೆಂಗಳೂರಿನ ಸಂಪ್ರದಾಯವಾಗಿಬಿಟ್ಟಿದೆ. ಕಾಯ್ದೆ ಏನನ್ನುತ್ತದೆ? ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯ ಸವಕಳಿ ಅವನ ತಲೆಗೆ ಬರುವುದಿಲ್ಲ. ಆದರೆ ಕರಾರಿನಲ್ಲಿ ಬೇರೆ ಬರೆದು ನೀವು ಸಹಿ ಹಾಕಿದರೆ ಕರಾರೇ ಗೆಲ್ಲುತ್ತದೆ. ನೀವು ಬಂದಾಗ ಹೊಸ ಬಣ್ಣ ಹೊಡೆದಿಲ್ಲದಿದ್ದರೆ ಹೋಗುವಾಗ ಯಾಕೆ ಕೊಡಬೇಕು, ಅಲ್ಲೇ ಕೇಳಿ. ಆಮೇಲೆ ಅಡ್ವಾನ್ಸ್ ಯಾವಾಗ ವಾಪಸು ಎಂಬ ಸಾಲು. "ಮನೆ ಖಾಲಿ ಮಾಡಿದ ದಿನ, ಬೀಗದ ಕೈ ಕೊಡುವಾಗ" ಎಂದಿರಬೇಕು. "ಹೊಸ ಬಾಡಿಗೆದಾರರು ಬಂದ ಮೇಲೆ" ಎಂದು ಬಾಯಲ್ಲಿ ಹೇಳಿದರೂ ಸರಿ, ಕಾಗದದಲ್ಲಿ ಬರೆದರೂ ಸರಿ, ಆ ಓನರ ಹತ್ತಿರ ನಿಮ್ಮ ಹಣ ಇಲ್ಲ, ಇರುವುದೂ ಇಲ್ಲ. ಇದಕ್ಕಿಂತ ದೊಡ್ಡ ಸೂಚನೆ ನಾನು ಕಂಡಿಲ್ಲ.

ನೋಟಿಸ್ ಎರಡೂ ಕಡೆಗೆ ಒಂದೇ ಆಗಿರಲಿ, ನಮಗೆ ಎರಡು ತಿಂಗಳು ಅವರಿಗೆ ಒಂದು ವಾರ ಎಂದಲ್ಲ. ವರ್ಷಕ್ಕೆ ಎಷ್ಟು ಏರಿಕೆ ಎಂದು ಅಂಕಿಯಲ್ಲಿ ಬರೆಸಿ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ. "ಅಡ್ವಾನ್ಸ್‌ನಲ್ಲಿ ಅರ್ಧ ಕ್ಯಾಶ್ ಕೊಡಿ, ಅಗ್ರಿಮೆಂಟಿನಲ್ಲಿ ಅರ್ಧ ತೋರಿಸೋಣ" ಎನ್ನುವವರಿದ್ದಾರೆ. ತೋರಿಸದ ಅರ್ಧ ನಿಮ್ಮದಲ್ಲ ಎಂದುಕೊಂಡೇ ಕೊಡಬೇಕಾಗುತ್ತದೆ. ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಒಂದೊಂದು ಗೋಡೆಯನ್ನೂ ಫೋನಿನಲ್ಲಿ ಹಿಡಿದು ಓನರಿಗೇ ಕಳಿಸಿಬಿಡಿ. ಬಿರುಕು, ತೇವ, ಒಡೆದ ಟೈಲ್ಸ್, ಎಲ್ಲ. ತಾರೀಖು ತಾನೇ ಕೂತಿರುತ್ತದೆ.

ನೀರು, ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಕರೆಂಟ್ ಮೀಟರ್ ನಿಮ್ಮ ಮನೆಗೇ ಬೇರೆ ಇದೆಯೇ, ಅಥವಾ ಓನರು ಹಾಕಿಸಿದ ಸಬ್ ಮೀಟರೇ? ಸಬ್ ಮೀಟರ್ ಆದರೆ ಯೂನಿಟ್‌ಗೆ ಎಷ್ಟು ಎಂದು ಮೊದಲೇ ಮಾತಾಡಿ, ಕಂಪನಿಯ ಬಿಲ್ಲು ತೋರಿಸುತ್ತಾರೋ ಕೇಳಿ. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ನೊಳಗಿನ ಆ ಸೌಲಭ್ಯಕ್ಕೆ ಬಾಡಿಗೆದಾರರೂ ಅರ್ಹರು. ತನ್ನ ಆಧಾರ್ ಜೋಡಿಸಿಕೊಂಡು ಸೊನ್ನೆ ಬಿಲ್ಲು ಪಡೆದು, ಮೇಲಿನ ಮನೆಯವರಿಂದ ಯೂನಿಟ್‌ಗೆ ಹತ್ತು ರೂಪಾಯಿ ವಸೂಲಿ ಮಾಡಿದ ಮಹಾನುಭಾವರನ್ನೂ ಕಂಡಿದ್ದೇನೆ. ಸರ್ಕಾರ ಕೊಟ್ಟದ್ದನ್ನು ಬಾಡಿಗೆಗೆ ಬಿಟ್ಟ ಹಾಗೆ! ನೀರಿಗೆ, ಕಾವೇರಿ ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯೇ, ಟ್ಯಾಂಕರ್ ತರಿಸಿದರೆ ಯಾರ ಖರ್ಚು ಎಂದು ಕೇಳಿ. 2024ರ ಮಾರ್ಚಿನಲ್ಲಿ ಬೋರು ಒಣಗಿದಾಗ ಈ ಒಂದು ಪ್ರಶ್ನೆ ಕೇಳದವರು ಟ್ಯಾಂಕರಿಗೆ ಸುರಿದ ಹಣ ಅವರಿಗೇ ಗೊತ್ತು. ಮನೆ ನೋಡಲು ಬೆಳಿಗ್ಗೆ ಏಳು ಗಂಟೆಗೆ ಹೋಗಿ, ನಲ್ಲಿಯೂ ನಿಜ ಹೇಳುತ್ತದೆ, ಓನರ ಮುಖವೂ ನಿಜ ಹೇಳುತ್ತದೆ.

"ಕಾನೂನು ಇದೆಯಲ್ಲ" ಎಂದು ಯಾರೋ ಹಿಂದಿನಿಂದ ಅಂದರು. ಇದೆ ಸ್ವಾಮಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದರೆ ಅದರ ರಕ್ಷಣೆ ಇಲ್ಲ. 3,500ಕ್ಕೆ ಇವತ್ತು ಎಲ್ಲಿ ಮನೆ ಇದೆ ತೋರಿಸಿ, ನಾನೂ ಬರುತ್ತೇನೆ. ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಎಂದು ಮಾಡಿದರು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು ಅದರಲ್ಲಿದೆ. ಮಾದರಿ ಅಂದರೆ ಮಾದರಿ ಅಷ್ಟೇ. ರಾಜ್ಯ ತನ್ನದೊಂದು ಕಾನೂನು ಮಾಡದೆ ಅದು ಇಲ್ಲಿ ನಡೆಯದು. ಉಳಿದದ್ದು ಸಿವಿಲ್ ಕೋರ್ಟು. 60,000 ರೂಪಾಯಿಗೆ ಎಷ್ಟು ವಾಯಿದೆ ಅಲೆಯುತ್ತೀರಿ? ಅಲೆಯುವಷ್ಟು ರಜೆ ಆ ಊಟ ತಲುಪಿಸುವ ಹುಡುಗನಿಗೆ ಯಾರು ಕೊಡುತ್ತಾರೆ? ಅದಕ್ಕೇ ಹಣ ಕೈಯಲ್ಲಿರುವಾಗಲೇ ನೋಡಿಕೊಳ್ಳಿ ಅನ್ನುವುದು.

ಎಲ್ಲ ಓನರೂ ಹೀಗೆಯೇ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. 2011ರಿಂದ ಐದು ವರ್ಷ ನಾವು ಒಬ್ಬ ಅಜ್ಜಿಯ ಮನೆಯಲ್ಲಿದ್ದೆವು. ಮನೆ ನೋಡಲು ಹೋದ ದಿನ ಆಕೆ ಮೊದಲು ತೋರಿಸಿದ್ದು ಅಡಿಗೆಮನೆಯ ಮೂಲೆ. "ಮಳೆ ಬಂದ್ರೆ ಇಲ್ಲಿ ತೇವ ಆಗುತ್ತೆ ಕಣಪ್ಪ, ಅಕ್ಕಿ ಡಬ್ಬ ಈ ಕಡೆ ಇಡಬೇಡಿ. ದೀಪಾವಳಿ ಕಳೀಲಿ, ರಿಪೇರಿ ಮಾಡಿಸ್ತೀನಿ" ಎಂದರು. ತನ್ನ ಮನೆಯ ಐಬನ್ನು ತಾನೇ ಹೇಳಿದ ಓನರನ್ನು ನಾನು ಕಂಡದ್ದು ಅದೇ ಮೊದಲು. ದೀಪಾವಳಿ ಕಳೆದು ಸಂಕ್ರಾಂತಿಗೆ ಮಾಡಿಸಿದರು, ಮಾಡಿಸಿದರು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಬಾಡಿಗೆ ಬರೆದು, ನನ್ನ ಕೈಯಲ್ಲಿ ಸಹಿ ಹಾಕಿಸಿ, ತಾವೂ ಸಹಿ ಹಾಕುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಹೆಸರು ಬರೆಯುವಷ್ಟು ಕನ್ನಡ ಮಾತ್ರ. ನಾನು ಪುಕ್ಕಟೆ ಅಚ್ಚು ಹಾಕಿಕೊಟ್ಟ ಒಂದೇ ಒಂದು ರಸೀದಿ ಪುಸ್ತಕ ಅವರದು.

ಈಗ ಉಳಿದರ್ಧ ಕಥೆ. ಅಜ್ಜಿಯ ಮನೆಗೆ ಹೋಗುವ ಮೊದಲು, 2011ರಲ್ಲಿ, ಆ ಕುಂಕುಮದ ಓನರ ಮನೆ ಖಾಲಿ ಮಾಡಿದೆವು. ಒಂದು ತಿಂಗಳು ಮುಂಚೆ ಹೇಳಿದ್ದೆ. ಬೀಗದ ಕೈ ಕೊಟ್ಟ ದಿನ "ಮುಂದಿನ ಭಾನುವಾರ ಬಾರಪ್ಪ" ಎಂದರು. ಮುಂದಿನ ಭಾನುವಾರಗಳು ನಾಲ್ಕು ತಿಂಗಳು ಬಂದವು. ಬಣ್ಣಕ್ಕೆ ಇಷ್ಟು, ಮೋಟಾರ್ ರಿಪೇರಿಗೆ ಇಷ್ಟು, ಬಚ್ಚಲ ಬಾಗಿಲಿಗೆ ಇಷ್ಟು ಎಂದು 14,500 ಕತ್ತರಿಸಿದ ಚೀಟಿ ಕೊಟ್ಟರು. ಚೀಟಿ ಬರೆಯಲು ಆಗ ಕಾಗದ ಸಿಕ್ಕಿತು ನೋಡಿ. ಉಳಿದ 20,500 ಆದರೂ ಕೊಡಿ ಎಂದರೆ "ಹೊಸಬರು ಬರಲಿ" ಎಂದರು. ಬಳೆ ಇನ್ನೂ ಗಿರವಿಯಲ್ಲೇ ಇತ್ತು, ಬಡ್ಡಿ ಏರುತ್ತಿತ್ತು.

ಒಂದು ಭಾನುವಾರ ಹೋದಾಗ ಮೇಲಿನ ಮನೆಯ ಬಾಗಿಲು ತೆಗೆದಿತ್ತು. ಓನರು ಗೇಟಿನ ಹತ್ತಿರ ಬಂದು ಮೆಲ್ಲಗೆ, "ಇವರು ಇವತ್ತು ಅಡ್ವಾನ್ಸ್ ಕೊಡ್ತಾರೆ, ನಿನ್ನ ದುಡ್ಡು ಸಂಜೆಗೆ. ಈಗ ಗಲಾಟೆ ಬೇಡ" ಎಂದರು. ನಾನು ಗೇಟಿನ ಹೊರಗೆ ನಿಂತುಕೊಂಡೆ. ಗಂಡ ಹೆಂಡತಿ ಇಳಿದು ಬಂದರು. ಹೆಂಡತಿಯ ಕಂಕುಳಲ್ಲಿ ಕೂಸು. ಓನರು ಒಳಗೆ ಹೋಗಿದ್ದರು. ಆ ಗಂಡ ನನ್ನನ್ನು ಅಕ್ಕಪಕ್ಕದವನು ಎಂದುಕೊಂಡಿರಬೇಕು. "ಅಣ್ಣಾರ, ಮನಿ ಛಲೋ ಅದ ಏನ್ರೀ? ನೀರು ಸರಿಯಾಗಿ ಬರ್ತಾವ?" ಎಂದು ಕೇಳಿದ. ರಾಯಚೂರು ಕಡೆಯ ಮಾತು. ಆ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು.

ನಾನು "ಹೂಂ, ಚೆನ್ನಾಗಿದೆ" ಎಂದೆ.

ಸಂಜೆ 20,500 ಸಿಕ್ಕಿತು. ಬಳೆ ಬಿಡಿಸಿಕೊಂಡು ಬಂದೆ. ಆ ನೋಟುಗಳು ಯಾರವು ಎಂದು ಲೆಕ್ಕ ಹಾಕಲು ಪಿಯುಸಿ ಓದಬೇಕಾಗಿಲ್ಲ. "ಕನ್ನಡಿಗನಿಗೆ ಕನ್ನಡಿಗನೇ ಆಸರೆ" ಎಂದು ಆ ವರ್ಷ ನವೆಂಬರ್‌ನಲ್ಲಿ ಬ್ಯಾನರ್ ಮಾಡಿಕೊಟ್ಟದ್ದು ಇದೇ ಕೈ. ಒಬ್ಬ ಕನ್ನಡಿಗ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದಾಗ ಉತ್ತರ ಕೊಡದ ಬಾಯಿಯೂ ಇದೇ. 2008ರಲ್ಲಿ ಗೇಟಿನಲ್ಲಿ ನಿಂತಿದ್ದ ಆ ತೆಳ್ಳಗಿನ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು, ಒಂದು ಮಾತು ಹೇಳಬಾರದಿತ್ತೇ ಎಂದು. ಆ ಸಿಟ್ಟು ಅವತ್ತೇ ಹೋಯಿತು. ಆಮೇಲೆ ಎರಡು ಸಲ ಆ ಬೀದಿಗೆ ಹೋಗಿ ಇಸ್ತ್ರಿ ಅಂಗಡಿಯಲ್ಲಿ ವಿಚಾರಿಸಿದೆ. ಮೊದಲ ಸಲ ಇದ್ದಾರೆ ಎಂದ, ನಾನು ಮೇಲೆ ಹತ್ತಲಿಲ್ಲ. ಎರಡನೆಯ ಸಲ ಹೋದರು ಎಂದ, ಎಲ್ಲಿಗೆ ಎಂದು ಅವನಿಗೂ ತಿಳಿದಿರಲಿಲ್ಲ.

ಕನ್ನಡದಲ್ಲಿ ಒಂದು ಬಾಡಿಗೆ ಕರಾರಿನ ಮಾದರಿಯನ್ನು ನಮ್ಮ ವಕೀಲ ಗೆಳೆಯರೊಬ್ಬರ ಕೈಯಲ್ಲಿ ಬರೆಸಿ ಎರಡು ಪುಟದಲ್ಲಿ ಅಚ್ಚು ಹಾಕಿದ್ದೇನೆ, ಬಾಗಿಲ ಹತ್ತಿರ ಇಟ್ಟಿದೆ, ಒಂದೊಂದು ತೆಗೆದುಕೊಂಡು ಹೋಗಿ. ಅದಕ್ಕೆ ಹಣವಿಲ್ಲ. ಕಲಬುರಗಿಯ ಹುಡುಗನ ಓನರ ಮನೆಗೆ ಈ ಭಾನುವಾರ ನಾವು ನಾಲ್ಕು ಜನ ಹೋಗುತ್ತಿದ್ದೇವೆ, ಕೂಗಾಡಲು ಅಲ್ಲ, ಕೇಳಲು. ಆ ಮನೆಗೆ ಮತ್ತೆ ಟು-ಲೆಟ್ ಬೋರ್ಡು ಬಿದ್ದಿದೆ. ನೋಡಲು ಯಾರಾದರೂ ಬಂದಿದ್ದರೆ ಅವರ ಹತ್ತಿರವೂ ಮಾತಾಡಬೇಕು. ಬರುವವರು ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿನ ಹತ್ತಿರ ಬನ್ನಿ.